ಗುಜರಿಗೆ ಹಾಕುವ ಮುಂಚೆ ಚೋಕ್ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಹಳೆ ವಾಹನಗಳ ಹೊಗೆಯ ಬಗ್ಗೆ ಬಂದ ಬರಹ ಓದಿದೆ. ಇಪ್ಪತ್ತು ವರ್ಷ ದಾಟಿದ ಕಾರು ಅಂದರೆ ಕಪ್ಪು ಹೊಗೆ ಉಗುಳುವ ಡಬ್ಬ, ಗುಜರಿಯೊಂದೇ ಅದಕ್ಕೆ ದಾರಿ ಅನ್ನುವ ಹಾಗೆ ಅದರಲ್ಲಿತ್ತು. ಹೊಗೆ ಬಿಡುವ ಗಾಡಿ ರಸ್ತೆಗೆ ಬರಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ಬೇರೆ ಏನು ಹೇಳಲಿ? ಆದರೆ ಆ ಹೊಗೆ ಎಲ್ಲಿಂದ ಬರುತ್ತಿದೆ ಅಂತ ನೋಡದೆ ಕಾರಿಗೇ ಮಂಗಳ ಹಾಡುವುದು ಸರಿಯಲ್ಲ. ನನ್ನ ಕಾರಿಗೆ ಹಾಗೇ ಆಗುವುದರಲ್ಲಿತ್ತು. ಕಾರಣ ಒಂದು ಚೋಕ್ ಕೇಬಲ್. ಅದರ ಬೆಲೆ 260 ರೂಪಾಯಿ.

ನನ್ನದು ಬಿಳಿ ಮಾರುತಿ 800. 1997ರದು, ಕೆಎ 34 ನಂಬರಿನದು. ಪಿ.ಎಫ್. ಸಾಲ ತೆಗೆದು ಕೊಂಡಿದ್ದೆ. ಆಗ ತೋರಣಗಲ್ಲು ಕಡೆಯ ಒಂದು ಸರ್ಕಾರಿ ಹೈಸ್ಕೂಲಿಗೆ ವರ್ಗವಾಗಿತ್ತು. ಬಸ್ಸು ಕೈಕೊಟ್ಟ ದಿನ ಬೆಳಗಿನ ಪ್ರಾರ್ಥನೆ ತಪ್ಪುತ್ತಿತ್ತು. ಮೂವತ್ತೇಳನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಅಲ್ಲಿಂದ ನಿವೃತ್ತಿಯವರೆಗೆ ದಿನಾ ಬಳ್ಳಾರಿಯಿಂದ ಹೋಗಿ ಬಂದವಳು ನಾನು. ಅದಿರು ಲಾರಿಗಳ ಕಾಲ ಹೇಗಿತ್ತು ಅಂತ ನಿಮ್ಮ ಓದುಗರಿಗೆ ಹೇಳಬೇಕಾಗಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೆ ಆ ರಸ್ತೆಯಲ್ಲಿ ಮುಂದಿನ ಲಾರಿಯ ನಂಬರ್ ಪ್ಲೇಟ್ ಕಾಣುತ್ತಿರಲಿಲ್ಲ. ಸೀರೆಯ ಅಂಚು, ಟಿಫಿನ್ ಡಬ್ಬಿಯ ಮುಚ್ಚಳ, ಹಾಜರಿ ಪುಸ್ತಕ, ಎಲ್ಲಾ ಕೆಂಪು. ಆ ದೂಳು ಕಾರಿನೊಳಗೆ ಎಲ್ಲೆಲ್ಲಿ ಹೋಗಿ ಕೂತಿತ್ತು ಅಂತ ಗೊತ್ತಾಗಿದ್ದು ಮಾತ್ರ ಈಗ.

ಮೊದಲು ಚೋಕ್ ಅಂದರೇನು ಅಂತ ಹೇಳಿಬಿಡುತ್ತೇನೆ. ಈಗಿನ ಹುಡುಗರಲ್ಲಿ ಹಲವರು ಆ ಗುಂಡಿಯನ್ನೇ ನೋಡಿಲ್ಲ.

ದ್ರವವಾಗಿರುವ ಪೆಟ್ರೋಲ್ ಉರಿಯುವುದಿಲ್ಲ, ಉರಿಯುವುದು ಅದರ ಆವಿ. ಇಂಜಿನ್ ಬಿಸಿ ಇದ್ದಾಗ ಪೆಟ್ರೋಲ್ ಸರಾಗವಾಗಿ ಆವಿಯಾಗಿ ಗಾಳಿಯ ಜೊತೆ ಬೆರೆಯುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಪೆಟ್ರೋಲಿನಲ್ಲಿ ಸ್ವಲ್ಪ ಮಾತ್ರ ಆವಿಯಾಗುತ್ತದೆ. ಉಳಿದದ್ದು ತಣ್ಣನೆ ಕೊಳವೆಯ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಆಗ ಜಾಸ್ತಿ ಪೆಟ್ರೋಲ್ ಕೊಟ್ಟರಷ್ಟೇ ಕಿಡಿಗೆ ಬೇಕಾದಷ್ಟು ಆವಿ ಸಿಗುತ್ತದೆ. ಅದಕ್ಕೇ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಬಾಯಲ್ಲಿ ನಾಣ್ಯದ ಆಕಾರದ ಒಂದು ಚಿಕ್ಕ ತಗಡಿನ ಬಾಗಿಲು ಇಟ್ಟಿರುತ್ತಾರೆ. ಡ್ರೈವರ್ ಮುಂದಿರುವ ಚೋಕ್ ಗುಂಡಿ ಎಳೆದರೆ ಕೇಬಲ್ ಆ ಬಾಗಿಲನ್ನು ಮುಚ್ಚುತ್ತದೆ. ಇಂಜಿನ್ ಗಾಳಿ ಎಳೆಯಲು ನೋಡುತ್ತದೆ, ಗಾಳಿಯ ದಾರಿ ಬಂದ್ ಆಗಿರುತ್ತದೆ, ಆ ಎಳೆತವೆಲ್ಲ ಪೆಟ್ರೋಲ್ ಬರುವ ಸಣ್ಣ ತೂತಿನ, ಅಂದರೆ ಜೆಟ್‌ನ ಮೇಲೆ ಬೀಳುತ್ತದೆ. ಪೆಟ್ರೋಲ್ ಜಾಸ್ತಿ ಬರುತ್ತದೆ. ಇಂಜಿನ್ ಬಿಸಿಯಾದ ಮೇಲೆ ಗುಂಡಿ ಒಳಗೆ ಒತ್ತಬೇಕು, ಬಾಗಿಲು ಪೂರ್ತಿ ತೆರೆಯಬೇಕು. ಅಷ್ಟೇ ಕೆಲಸ. ಅಂಬಾಸಡರ್‌ಗಳಲ್ಲಿದ್ದ ಎಸ್‌ಯು ಕಂಪನಿಯ ಕಾರ್ಬೊರೇಟರಿನಲ್ಲಿ ಬಾಗಿಲು ಇರುತ್ತಿರಲಿಲ್ಲ, ಚೋಕ್ ಎಳೆದರೆ ಜೆಟ್ ಕೆಳಗೆ ಇಳಿಯುತ್ತಿತ್ತು. ದಾರಿ ಬೇರೆ, ಉದ್ದೇಶ ಒಂದೇ.

ಈಗ ನನ್ನ ಕಥೆಗೆ ಬರುತ್ತೇನೆ. ಹೋದ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಚಳಿ ಸ್ವಲ್ಪ ಜಾಸ್ತಿಯೇ ಇತ್ತು. ಕಾರು ಸ್ಟಾರ್ಟ್ ಆಗಲಿಲ್ಲ. ಚೋಕ್ ಗುಂಡಿ ಎಳೆದೆ, ಅಲ್ಲಾಡಲಿಲ್ಲ. ಜೋರಾಗಿ ಎಳೆದೆ. ಟಕ್ ಅಂತ ತಂತಿ ತುಂಡಾಗಿ ಗುಂಡಿ ಕೈಗೆ ಬಂತು. ಹತ್ತಿರದ ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ಸ್ಕೂಟರಿನ ತಂತಿಯೊಂದನ್ನು ಹಳೆ ಕವಚದೊಳಗೇ ತೂರಿಸಿ ಕಟ್ಟಿಕೊಟ್ಟ. ಗುಂಡಿ ಎಳೆದರೆ ಸ್ಟಾರ್ಟ್ ಆಗುತ್ತಿತ್ತು. ಸದ್ಯ ಕೆಲಸ ಆಯಿತಲ್ಲ ಅಂದುಕೊಂಡೆ.

ಜನವರಿ ಹೊತ್ತಿಗೆ ಕಾರು ಬದಲಾಗಿಬಿಟ್ಟಿತು. ಲೀಟರಿಗೆ ಹದಿನೈದು ಕೊಡುತ್ತಿದ್ದದ್ದು ಒಂಬತ್ತಕ್ಕೆ ಇಳಿಯಿತು. ಸಿಗ್ನಲ್‌ನಲ್ಲಿ ನಿಂತರೆ ಪೆಟ್ರೋಲ್ ವಾಸನೆ. ಮನೆ ಮುಂದೆ ಕಾರು ನಿಲ್ಲಿಸುವ ಕಡೆ, ಸೈಲೆನ್ಸರ್ ಎದುರಿನ ಕಾಂಪೌಂಡ್ ಗೋಡೆಗೆ ಕರಿ ಮಚ್ಚೆ ಬಿತ್ತು. ಎಮಿಷನ್ ಟೆಸ್ಟಿಗೆ ಹೋದೆ. ನಮ್ಮಂಥ ಹಳೆ ಪೆಟ್ರೋಲ್ ಕಾರುಗಳಿಗೆ, ಗಾಡಿ ನಿಂತೇ ಇಂಜಿನ್ ಓಡುವಾಗ, ಅಂದರೆ ಐಡಲ್‌ನಲ್ಲಿದ್ದಾಗ ಕಾರ್ಬನ್ ಮೊನಾಕ್ಸೈಡ್ ನೂರಕ್ಕೆ 3ರ ಒಳಗಿರಬೇಕು. ನನ್ನ ಚೀಟಿಯಲ್ಲಿ 6.2 ಅಂತ ಬಂತು. ಫೇಲ್. ಮಕ್ಕಳ ಉತ್ತರ ಪತ್ರಿಕೆಯ ಮೇಲೆ ಆ ಪದ ಬರೆಯುವಾಗ ಪ್ರತಿ ಸಲ ಕೈ ನಿಧಾನವಾಗುತ್ತಿತ್ತು ನನಗೆ. ಇಲ್ಲಿ ಮೆಷೀನು ಒಂದು ಕ್ಷಣದಲ್ಲಿ ಬರೆದುಬಿಟ್ಟಿತು.

ಮತ್ತೆ ಅದೇ ಗ್ಯಾರೇಜು. ‘ಕಾರ್ಬೊರೇಟರ್ ಹೋಗಿದೆ ಮೇಡಂ, ಹೊಸದು ಸಿಗಲ್ಲ’ ಅಂದರು. 4,500 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಕಾರ್ಬೊರೇಟರ್ ತಂದು ಕೂರಿಸಿದರು. ಟೆಸ್ಟಿನಲ್ಲಿ ಈ ಸಲ 5.9. ಆಮೇಲೆ ಹೇಳಿದ್ದು: ‘ಇನ್ನು ಇದಕ್ಕೆ ದುಡ್ಡು ಹಾಕಬೇಡಿ, ಗುಜರಿಯವರು ಹದಿನೆಂಟು ಸಾವಿರ ಕೊಡುತ್ತಾರೆ.’ ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಕಲಿಸಿದವರು ಯಾರೂ ಇಲ್ಲ. ಅವರು ಕಣ್ಣು ಬಿಡುವ ಹೊತ್ತಿಗೆ ಕಾರುಗಳೆಲ್ಲ ಕಾರ್ಬೊರೇಟರ್ ಬಿಟ್ಟು ಕಂಪ್ಯೂಟರ್ ಇಂಜೆಕ್ಷನ್‌ಗೆ ಬಂದಾಗಿತ್ತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಕಾರಿನಲ್ಲಿ ಎಷ್ಟೋ ಸಲ ಪರೀಕ್ಷೆಯ ದಿನ ಬಸ್ಸು ತಪ್ಪಿದ ಮಕ್ಕಳನ್ನು ಕೂರಿಸಿಕೊಂಡು ಹೋಗಿದ್ದೇನೆ.

ಆಟೋ ಓಡಿಸುವ ನನ್ನ ಹಳೆ ವಿದ್ಯಾರ್ಥಿಯೊಬ್ಬ ಕೌಲ್ ಬಜಾರಿನ ಒಬ್ಬ ಹಿರಿಯ ಮೆಕ್ಯಾನಿಕ್ ಬಗ್ಗೆ ಹೇಳಿದ. ಎಪ್ಪತ್ತು ದಾಟಿದವರು. ತಮ್ಮ ಗ್ಯಾರೇಜು ಮುಚ್ಚಿ, ಮಗನ ಅಂಗಡಿಯಲ್ಲಿ ಕೂರುತ್ತಾರೆ. ಎಲ್ಲರೂ ಚಾಚಾ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಅವರು ಕೇಳಿದ್ದು ಒಂದೇ ಮಾತು. ‘ಟೀಚರಮ್ಮ, ಗಾಡಿ ರಾತ್ರಿ ಇಲ್ಲೇ ಬಿಟ್ಟು ಹೋಗ್ರಿ. ಮುಂಜಾನೆ ತಣ್ಣಗಿದ್ದಾಗ ನೋಡ್ಬೇಕು.’

ಮರುದಿನ ಏಳು ಗಂಟೆಗೆ ಹೋದೆ. ಚಾಚಾ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಪಕ್ಕಕ್ಕಿಟ್ಟರು. ಇಂಜಿನ್ ಸ್ಟಾರ್ಟ್ ಮಾಡಲೇ ಇಲ್ಲ. ಮೊಬೈಲ್ ಟಾರ್ಚನ್ನು ಕಾರ್ಬೊರೇಟರಿನ ಬಾಯಿಗೆ ಹಿಡಿದು, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ‘ಎಳೀರಿ’ ಅಂದರು, ಎಳೆದೆ. ‘ಒತ್ರಿ’ ಅಂದರು, ಒತ್ತಿದೆ. ಗುಂಡಿ ಪೂರ್ತಿ ಒಳಗೆ ಹೋಯಿತು. ‘ಈಗ ಇಳಿದು ಬಂದು ನೋಡ್ರಿ’ ಅಂದರು.

ನೋಡಿದೆ. ಬಾಗಿಲು ಪೂರ್ತಿ ತೆರೆದು ನೆಟ್ಟಗೆ ನಿಂತಿರಬೇಕಿತ್ತು. ನಿದ್ದೆಗಣ್ಣಿನ ರೆಪ್ಪೆಯ ಹಾಗೆ ಅರ್ಧ ಮುಚ್ಚಿಕೊಂಡೇ ಇತ್ತು.

‘ಗುಂಡಿ ಒಳಗ ಹೋದ್ರ ಆತೇನು? ಬಾಗ್ಲು ತೆರದೈತೇನು ಅಂತ ನೋಡೋರು ಯಾರು?’ ಅಂದರು ಚಾಚಾ.

ಆ ಮಾತು ನನ್ನ ತಲೆಗೆ ಸರಿಯಾಗಿ ಹೊಕ್ಕಿತು. ಎರಡು ತಿಂಗಳು ನಾನು ಗುಂಡಿಯನ್ನು ನೋಡಿ ಚೋಕ್ ಆಫ್ ಆಗಿದೆ ಅಂತ ನಂಬಿದ್ದೆ. ಇಂಜಿನ್ ಮಾತ್ರ ಎರಡು ತಿಂಗಳೂ ಚೋಕಿನಲ್ಲೇ ಓಡಿತ್ತು. ಗಾಳಿ ಸಾಲದೆ ಪೆಟ್ರೋಲ್ ಅರೆಬರೆ ಉರಿದು ಹೊಗೆಯಾಗಿತ್ತು. ಕಾರ್ಬೊರೇಟರ್ ಬದಲಾಯಿಸಿದರೂ ಅದೇ ತಂತಿ, ಅದೇ ಕವಚ ಹಾಕಿದ್ದರಿಂದ ಏನೂ ಬದಲಾಗಿರಲಿಲ್ಲ.

ಚಾಚಾ ಆ ಕವಚವನ್ನು ಬಿಚ್ಚಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆ ತುಕ್ಕು, ಹಳೆ ಗ್ರೀಸು, ನಮ್ಮ ಕೆಂಪು ದೂಳು ಮೂರೂ ಸೇರಿ ಕುಂಕುಮ ಕಲಸಿದ ಹಾಗೆ ಮೆತ್ತಿಕೊಂಡಿತ್ತು. ಬಾಗಿಲನ್ನು ವಾಪಸ್ ತೆರೆಯುವ ಸ್ಪ್ರಿಂಗ್ ತೀರಾ ಚಿಕ್ಕದು. ಈ ಮೆತ್ತನೆಯ ಕೆಸರಿನಲ್ಲಿ ತಂತಿಯನ್ನು ಎಳೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಗುಂಡಿ ಒತ್ತಿದಾಗ ಸ್ಕೂಟರಿನ ಮೆತ್ತನೆ ತಂತಿ ಒಳಗೇ ಬಳುಕಿ ಕೂರುತ್ತಿತ್ತು, ಆ ತುದಿಯ ಬಾಗಿಲಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಕೆಲವು ಹಳೆ ಕಾರುಗಳಲ್ಲಿ ಚೋಕ್ ತಂತಿ ಒಂದೇ ಎಳೆಯ ಗಟ್ಟಿ ತಂತಿಯಾಗಿರುತ್ತದೆ. ಅದು ಎಳೆಯಲೂ ಬೇಕು, ತಳ್ಳಲೂ ಬೇಕು. ಅಂಥದ್ದಕ್ಕೆ ಸೈಕಲ್ಲಿನ ಬ್ರೇಕ್ ತಂತಿ ಹಾಕಿದರೆ ಎಳೆಯುತ್ತದೆ, ತಳ್ಳುವುದಿಲ್ಲ. ಹಾಗಾಗಿ ತಂತಿ ಒಂದನ್ನೇ ಬದಲಾಯಿಸಬಾರದು. ಕವಚ ಸಮೇತ ಪೂರ್ತಿ ಕೇಬಲ್ ಹಾಕಬೇಕು, ಆ ಕಾರಿನದ್ದೇ ಆಗಿರಬೇಕು.

ಹೊಸ ಕೇಬಲ್ ಹುಡುಕಿದ್ದು ನಾನೇ. ನಾಲ್ಕನೇ ಸ್ಪೇರ್ಸ್ ಅಂಗಡಿಯಲ್ಲಿ, ಮೇಲಿನ ಅಟ್ಟದ ದೂಳಿನಲ್ಲಿ ಸಿಕ್ಕಿತು. ಮಾರುತಿ 800 ನಿಂತಿದ್ದು 2014ರ ಜನವರಿಯಲ್ಲಿ. ಕಾರ್ಬೊರೇಟರ್ ಇದ್ದ ಮಾದರಿ ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ನಿಂತಿತ್ತು. ಆದರೂ ಈ ಸಣ್ಣ ಸಾಮಾನು ಇನ್ನೂ ಸಿಗುತ್ತದೆ. ಕೇಳುವವರು ಬೇಕು, ಅಷ್ಟೇ.

ಹಾಕುವಾಗ ಚಾಚಾ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟವಾಯಿತು. ಮೊದಲು ಹಳೆ ಕೇಬಲ್ಲನ್ನು ಕವಚ ಸಮೇತ ಎಳೆದು ತೆಗೆಯುವ ಮುಂಚೆಯೇ ಅದರ ತುದಿಗೆ ಒಂದು ಟ್ವೈನ್ ದಾರ ಕಟ್ಟಿದ್ದರು. ಕೇಬಲ್ ಹೊರಗೆ ಬಂದಾಗ ದಾರ ಅದೇ ದಾರಿಯಲ್ಲಿ ಒಳಗೆ ಉಳಿದಿತ್ತು. ಆ ದಾರಕ್ಕೆ ಹೊಸ ಕೇಬಲ್ಲಿನ ತುದಿ ಕಟ್ಟಿ ಇತ್ತಿಂದ ಎಳೆದರು. ಹಳೆಯದು ಹೋದ ದಾರಿಯಲ್ಲೇ ಹೊಸದು ಬಂದು ಕೂತಿತು. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ತಡಕಾಡುವ ಕೆಲಸವೇ ಇಲ್ಲ. ಲಂಗಕ್ಕೆ ಲಾಡಿ ಪೋಣಿಸುವಾಗ ನಮ್ಮ ಅಮ್ಮ ಹೀಗೇ ಮಾಡುತ್ತಿದ್ದರು.

ಆಮೇಲೆ ಬಿಗಿಯುವುದು. ಗುಂಡಿ ಪೂರ್ತಿ ಒಳಗಿದ್ದಾಗ ಬಾಗಿಲು ಪೂರ್ತಿ ನೆಟ್ಟಗಿರಬೇಕು. ತಂತಿ ಎಳೆದು ಕಟ್ಟಿದ ಹಾಗಿರಬಾರದು, ಒಂದೆರಡು ಮಿಲಿಮೀಟರ್ ಸಡಿಲ ಇರಬೇಕು. ಆ ಸಡಿಲ ಇಲ್ಲದಿದ್ದರೆ ಬಾಗಿಲು ಯಾವಾಗಲೂ ಕೂದಲೆಳೆಯಷ್ಟು ಮುಚ್ಚಿಯೇ ಇರುತ್ತದೆ, ಮತ್ತೆ ಅದೇ ರೋಗ. ಗುಂಡಿ ಪೂರ್ತಿ ಎಳೆದಾಗ ಬಾಗಿಲು ಪೂರ್ತಿ ಮುಚ್ಚಬೇಕು. ಕೇಬಲ್ ಎಲ್ಲಿಯೂ ಗಕ್ಕನೆ ಮಡಿಸಿರಬಾರದು, ಬಿಸಿ ಸೈಲೆನ್ಸರ್ ಪೈಪಿಗೆ ತಾಗಬಾರದು. ಬಾಗಿಲಿನ ಕಡ್ಡಿಗೆ ನಾನು ಗ್ರೀಸ್ ಹಚ್ಚಲು ಹೋದೆ. ಚಾಚಾ ಕೈ ಹಿಡಿದು ನಿಲ್ಲಿಸಿದರು. ಗ್ರೀಸಿಗೆ ದೂಳು ಅಂಟುತ್ತದೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಒರೆಸಿದರೆ ಸಾಕು ಅಂದರು.

ಪ್ಲಗ್ ಬಿಚ್ಚಿದರೆ ಮೂರೂ ಕಾಡಿಗೆ ಮೆತ್ತಿದ ಹಾಗಿದ್ದವು. ಆಯಿಲ್ ಡಿಪ್‌ಸ್ಟಿಕ್ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಗಪ್ ಅಂತ ಪೆಟ್ರೋಲ್ ವಾಸನೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರಿತ್ತು. ಆಯಿಲ್ ನೀರಾಗಿತ್ತು. ಇನ್ನೂ ಆರು ತಿಂಗಳು ಹಾಗೇ ಓಡಿಸಿದ್ದರೆ ರಿಂಗು, ಬೇರಿಂಗು ಸವೆದು ಇಂಜಿನ್ನೇ ಕೆಲಸಕ್ಕೆ ಬಾರದಂತಾಗುತ್ತಿತ್ತು. ಆಗ ಗುಜರಿ ಅನ್ನುವ ಮಾತು ನಿಜವಾಗುತ್ತಿತ್ತು.

ಪ್ಲಗ್ ಉಜ್ಜಿ, ಆಯಿಲ್ ಬದಲಾಯಿಸಿ, ಐಡಲ್ ಸ್ಕ್ರೂ ಸರಿ ಮಾಡಿ, ಚಾಚಾ ನನ್ನ ಹಳೆ ಕಾರ್ಬೊರೇಟರನ್ನೇ ವಾಪಸ್ ಕೂರಿಸಿದರು. ಸೆಕೆಂಡ್ ಹ್ಯಾಂಡ್‌ದಕ್ಕಿಂತ ಅದೇ ಗಟ್ಟಿ ಇದೆ ಅಂದರು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಟೆಸ್ಟಿಗೆ ಹೋದೆ. 1.8. ಪಾಸ್. ಚೀಟಿಯನ್ನು ಎರಡು ಸಲ ಓದಿದೆ.

ಸಂಪಾದಕರೇ, ‘ಬಳ್ಳಾರಿಯ ಬಿಸಿಲಿಗೆ ಚೋಕ್ ಯಾಕೆ ಬೇಕು’ ಅಂತ ಜನ ಕೇಳುತ್ತಾರೆ. ಕೆಡುವುದಕ್ಕೆ ಕಾರಣವೇ ಅದು. ವರ್ಷದಲ್ಲಿ ಹತ್ತು ತಿಂಗಳು ನಾವು ಆ ಗುಂಡಿ ಮುಟ್ಟುವುದಿಲ್ಲ. ಮುಟ್ಟದ ತಂತಿಗೆ ತುಕ್ಕು ಹಿಡಿಯುತ್ತದೆ, ದೂಳು ತುಂಬುತ್ತದೆ. ಡಿಸೆಂಬರ್‌ನಲ್ಲಿ ಒಂದೇ ಸಲ ಎಳೆದಾಗ ತುಂಡಾಗುತ್ತದೆ, ಇಲ್ಲವೇ ಎಳೆದ ಕಡೆಯೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನಾನೀಗ ಮೇ ತಿಂಗಳಲ್ಲೂ ಭಾನುವಾರ ಕಾರು ಒರೆಸುವಾಗ, ಇಂಜಿನ್ ಆಫ್ ಇದ್ದಾಗ, ಗುಂಡಿಯನ್ನು ನಾಲ್ಕು ಸಲ ಎಳೆದು ಒತ್ತುತ್ತೇನೆ. ತಿಂಗಳಿಗೊಮ್ಮೆ ಫಿಲ್ಟರ್ ಡಬ್ಬಿ ತೆಗೆದು ಬಾಗಿಲನ್ನು ಕಣ್ಣಾರೆ ನೋಡುತ್ತೇನೆ. ಐದು ನಿಮಿಷದ ಕೆಲಸ.

ಬಿಸಿ ಇಂಜಿನ್‌ಗೆ ಚೋಕ್ ಎಳೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ನೆನೆಯುತ್ತದೆ. ಹಾಗಾದರೆ ಚೋಕ್ ಒಳಗೆ ಒತ್ತಿ, ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಿರಿ. ಗಾಳಿ ನುಗ್ಗಿ ಒಣಗುತ್ತದೆ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಚೋಕ್ ಹಾಕಿ ಶೆಡ್ಡಿನ ಶಟರ್ ಮುಚ್ಚಿಕೊಂಡು ಇಂಜಿನ್ ಬಿಸಿ ಮಾಡಬೇಡಿ. ಆಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜೀವ ತೆಗೆಯುತ್ತದೆ. ಕಾರನ್ನು ಹೊರಗೆ ತಂದು ಸ್ಟಾರ್ಟ್ ಮಾಡಿ.

ಇದು ಬರೀ ಹಳೆ ಕಾರಿನವರ ವಿಷಯ ಅಂತ ಅಂದುಕೊಳ್ಳಬೇಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಅನ್ನುವ ಹೊಗೆ ನಿಯಮ ಬರುವವರೆಗೆ ಮಾರಾಟವಾದ ಬೈಕು, ಸ್ಕೂಟರುಗಳಲ್ಲಿ ಬಹುಪಾಲಿಗೆ ಕಾರ್ಬೊರೇಟರ್ರೇ ಇತ್ತು. ಅವು ಇನ್ನೂ ನಮ್ಮ ಬೀದಿ ತುಂಬ ಓಡುತ್ತಿವೆ. ಸಿರುಗುಪ್ಪ ಕಡೆ ಮೆಣಸಿನಕಾಯಿಗೆ, ಭತ್ತಕ್ಕೆ ಔಷಧಿ ಹೊಡೆಯುವ ಪೆಟ್ರೋಲ್ ಪಂಪ್‌ಗಳಿಗೂ ಚೋಕ್ ಇದೆ. ಮದುವೆ ಮನೆಯ ಸಣ್ಣ ಜನರೇಟರಿಗೂ ಇದೆ. ನನ್ನ ತಮ್ಮ ಹೋದ ತಿಂಗಳು ಪಂಪ್ ಕರಿ ಹೊಗೆ ಬಿಡುತ್ತಿದೆ, ಹೊಸದು ತಗೋಬೇಕು ಅಂತ ಫೋನ್ ಮಾಡಿದ. ಚೋಕ್ ಬಾಗಿಲು ನೋಡೋ ಅಂದೆ. ಎಲೆ ಚೂರು ಸಿಕ್ಕಿಕೊಂಡು ಅರ್ಧಕ್ಕೆ ನಿಂತಿತ್ತಂತೆ. ತೆಗೆದು ಎಸೆದ, ಸರಿಹೋಯಿತು.

ಸರ್ಕಾರ ಹಳೆ ಕಾರಿನವರಿಂದ ಶುಲ್ಕ ತೆಗೆದುಕೊಳ್ಳುವುದರಲ್ಲಿ ಹಿಂದೆ ಬಿದ್ದಿಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ನಾನು ಕಟ್ಟುತ್ತೇನೆ. ಹಳೆ ಗಾಡಿ ಇಟ್ಟುಕೊಂಡವರು ಅದನ್ನು ಸರಿಯಾಗಿ ಇಟ್ಟುಕೊಳ್ಳಲಿ ಅನ್ನುವುದು ನ್ಯಾಯವೇ. ಆದರೆ ಸರಿಯಾಗಿ ಇಟ್ಟುಕೊಡುವ ಕೈಗಳು ಎಲ್ಲಿವೆ? ಚಾಚಾರ ಮಗನಿಗೆ ವೈರಿಂಗ್ ಗೊತ್ತು, ಕಾರ್ಬೊರೇಟರ್ ಗೊತ್ತಿಲ್ಲ. ಚಾಚಾಗೆ ಈಗ ಎಡಗಣ್ಣು ಮಂಜು.

ಎಮಿಷನ್ ಟೆಸ್ಟ್ ಮಾಡುವ ಹುಡುಗರಿಗೆ ನನ್ನದೊಂದು ಮನವಿ ಇದೆ. ಹಳೆ ಪೆಟ್ರೋಲ್ ಕಾರು ಬಂದಾಗ ಕೊಳವೆ ತೂರಿಸುವ ಮುಂಚೆ ‘ಚೋಕ್ ಒಳಗಿದೆಯಾ, ಇಂಜಿನ್ ಬಿಸಿ ಆಗಿದೆಯಾ’ ಅಂತ ಒಂದು ಮಾತು ಕೇಳಿ. ಫೇಲ್ ಆದರೆ ಚೋಕ್ ಕೇಬಲ್ ತೋರಿಸಿ ಬನ್ನಿ ಅಂತ ಹೇಳಿ ಕಳಿಸಿ. ನನಗೆ ಆ ಒಂದು ಮಾತು ಸಿಕ್ಕಿದ್ದರೆ 4,500 ರೂಪಾಯಿ ಉಳಿಯುತ್ತಿತ್ತು. ಎರಡು ತಿಂಗಳ ಕರಿ ಹೊಗೆ ಊರಿನ ಗಾಳಿಗೆ ಸೇರುತ್ತಿರಲಿಲ್ಲ.

ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ಮಕ್ಕಳಿಗೆ ಒಂದು ದಿನವಾದರೂ ಕಾರ್ಬೊರೇಟರ್ ಬಿಚ್ಚಿ ಜೋಡಿಸಲು ಕೊಡಿ. ಪುಸ್ತಕದ ಚಿತ್ರ ಸಾಲದು. ಆ ಬಾಗಿಲನ್ನು ಬೆರಳಿನಿಂದ ಮುಚ್ಚಿ ತೆರೆದರೆ ಮಾತ್ರ ಅದು ತಲೆಗೆ ಹೋಗುತ್ತದೆ. ಸುಮ್ನೆ ಕೊಂಡ ಆ ಸೆಕೆಂಡ್ ಹ್ಯಾಂಡ್ ಕಾರ್ಬೊರೇಟರ್ ನಮ್ಮ ಮನೆಯಲ್ಲೇ ಇದೆ. ಸೀಮೆಎಣ್ಣೆಯಲ್ಲಿ ತೊಳೆದು ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಚಾಚಾ ಸೀಳಿದ ಆ ಕೇಬಲ್ ಕವಚವೂ ಜೊತೆಗಿದೆ, ಕೆಂಪು ಮೆತ್ತಿದ್ದು ಹಾಗೇ ಇದೆ. ಬಳ್ಳಾರಿಯ ಯಾವ ಐಟಿಐ ಕೇಳಿದರೂ ನಾನೇ ತಂದುಕೊಡುತ್ತೇನೆ. ಅದೇ ಕಾರಿನಲ್ಲಿ ಬರುತ್ತೇನೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ವಿಜ್ಞಾನ ಶಿಕ್ಷಕಿ
ಗಾಂಧಿನಗರ, ಬಳ್ಳಾರಿ